ಪರದೇಶಿ ಅಂದ್ರ ಯಾರವ್ವ?

ಮುಂಡಗೋಡದ ಸಂತೆ. ಹಸಿಮೆಣಸಿನಕಾಯಿ ರಾಶಿಯ ಹಿಂದೆ ಕುಳಿತಾಕೆ ಸುತ್ತಲಿನ ಯಾವುದೋ ಹಳ್ಳಿಯವಳು. ಎದುರಿಗೆ ನಿಂತವಳು ಟಿಬೆಟಿಯನ್ ಕ್ಯಾಂಪಿನ ಅಜ್ಜಿ. ಕಾಲ ತನಕ ಇಳಿದ ಉಡುಪು, ಅದರ ಮುಂದೆ ಕಟ್ಟಿದ ಪಟ್ಟಾಪಟ್ಟಿ ಬಟ್ಟೆ, ಬಲಗೈಯಲ್ಲಿ ಜಪಮಣಿ. ಚೌಕಾಶಿ ಬಹಳ ಹೊತ್ತು ನಡೆಯಿತು. ಕೊನೆಗೆ ಅಜ್ಜಿ ತನ್ನ ಅರೆಬರೆ ಕನ್ನಡದಲ್ಲಿ, ‘ನಾವು ಪರದೇಶಿ, ಸ್ವಲ್ಪ ಕಮ್ಮಿ ಮಾಡು’ ಅಂದಳು.

‘ನೀ ಯಾಕ ಪರದೇಶಿ ಆಗ್ತೀ ಬಿಡವ್ವ. ಮಗ ಅದಾನ, ಸೊಸಿ ಅದಾಳ, ಮಗ್ಗಲಕ್ಕ ಮಠ ಐತಿ. ಪರದೇಶಿ ಅಂದ್ರ ನಾನು ನೋಡು, ಹಿಂದಿಲ್ಲ ಮುಂದಿಲ್ಲ’ ಎನ್ನುತ್ತಲೇ ಈಕೆ ಇನ್ನೊಂದು ಹಿಡಿ ಮೆಣಸಿನಕಾಯಿ ಚೀಲಕ್ಕೆ ಸುರಿದಳು.

ಒಂದೇ ಶಬ್ದ, ಮಾತು ಮಾತ್ರ ಎರಡು. ಅಜ್ಜಿಯ ಪರದೇಶಿ ಹಿಂದಿಯ ದಾರಿಯಿಂದ ಬಂದದ್ದು. ಬೇರೆ ದೇಶದವರು ಎಂದಷ್ಟೇ ಅದರ ಅರ್ಥ. ಮೆಣಸಿನಕಾಯಿಯಾಕೆಯ ಪರದೇಶಿ ಧಾರವಾಡ ಸೀಮೆಯ ಮನೆಮಾತಿನದು. ದಿಕ್ಕಿಲ್ಲದವರು, ಕೇಳುವವರಿಲ್ಲದವರು. ನಮ್ಮ ಕಡೆ ತಾಯಿ ಸತ್ತ ಕರು ಪರದೇಶಿ. ಮದುವೆಮನೆಯಲ್ಲಿ ಪಂಕ್ತಿ ಎದ್ದರೂ ಯಾರೂ ಊಟಕ್ಕೆ ಕರೆಯದೆ ಕಂಬಕ್ಕೆ ಒರಗಿ ಕುಳಿತ ಮುದುಕ ಪರದೇಶಿ. ಜ್ವರ ಬಂದು ಮಲಗಿದವನಿಗೆ ಒಂದು ಬಟ್ಟಲು ಗಂಜಿ ಕಾಸಿ ಕೊಡುವವರಿಲ್ಲದಿದ್ದರೆ ಅದು ಪರದೇಶಿ ಬಾಳೇವು. ಇವರಾರೂ ಯಾವ ದೇಶದ ಗಡಿಯನ್ನೂ ದಾಟಿದವರಲ್ಲ. ಊರಿನ ಹೊಳೆ ದಾಟಿದವರೂ ಅಲ್ಲ.

ಸಂತೆಯಿಂದ ಬಂದ ಮೇಲೆ ಈ ಪದ ನನ್ನನ್ನು ಬಿಡಲಿಲ್ಲ. ಒಂದು ದೇಶದ ಗಡಿ ದಾಟಿ ಇನ್ನೊಂದಕ್ಕೆ ಹೋಗುವುದಕ್ಕೆ ಕನ್ನಡ ಏನನ್ನುತ್ತದೆ? ‘ಗಡಿ ದಾಟು’ ಅನ್ನುತ್ತದೆ, ನಿಜ. ಆದರೆ ಅದು ಹೊಲದ ಬದುವಿಗೂ ಸಲ್ಲುವ ಮಾತು. ಎಮ್ಮೆಯೂ ಗಡಿ ದಾಟುತ್ತದೆ. ‘ಗಡಿಪಾರು’ ಎಂಬ ಭಾರವಾದ ಪದವಿದೆ. ಕೇಳಿದರೆ ಸಾಮ್ರಾಜ್ಯದಾಚೆಗೆ ಅಟ್ಟಿದಂತೆ ತೋರುತ್ತದೆ. ಚುನಾವಣೆ ಹತ್ತಿರ ಬಂದಾಗ ಪೇಪರು ತೆಗೆದು ನೋಡಿ. ಇಂಥ ಜಿಲ್ಲೆಯ ರೌಡಿಶೀಟರು ಅಂಥ ಜಿಲ್ಲೆಗೆ ಗಡಿಪಾರು. ಅವನು ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಗಡಿಯಾಚೆ ಇರುತ್ತಾನೆ. ‘ದೇಶಾಂತರ ಹೋದ’ ಎಂದರೆ ಮನೆ ಬಿಟ್ಟವನ ಸುಳಿವಿಲ್ಲ ಎಂದು ಅರ್ಥ. ಆತ ಪುಣೆಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರೂ ಅದು ದೇಶಾಂತರವೇ. ನಮ್ಮ ಹಿರಿಯರ ಬಾಯಲ್ಲಿ ‘ದೇಶ’ ಎಂಬುದು ಸೀಮೆಯಷ್ಟೇ ಆಗಿತ್ತು. ಪಾಸ್‌ಪೋರ್ಟು, ವೀಸಾ, ಧ್ವಜ ಇರುವ ಅರ್ಥ ಅದಕ್ಕೆ ಅಂಟಿಕೊಂಡದ್ದು ತೀರ ಈಚೆಗೆ.

ಹಾಗೆಂದು ನಮಗೆ ದೇಶದ ಗಡಿಯೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಈ ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡದ ಕಾಡುಸೀಮೆಯ ಮಟ್ಟಿಗಂತೂ ಗಡಿ ಮನೆಯ ಹಿತ್ತಿಲಲ್ಲೇ ಇತ್ತು.

ಲೋಂಡಾದಿಂದ ಗೋವಾ ಕಡೆ ಹೋಗುವ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಲ್ಲುತ್ತದೆ. ಬ್ರೇಕು ಪರೀಕ್ಷೆಯಾಗಬೇಕು. ಮುಂದೆ ಬ್ರಗಾಂಜಾ ಘಾಟಿನ ಇಳಿಜಾರು, 37 ಅಡಿಗೆ 1 ಅಡಿ ಇಳಿತ. ಪ್ರಯಾಣಿಕರು ಚಹಾ ಕುಡಿಯುತ್ತಾರೆ, ದೂಧಸಾಗರ ಯಾವ ಬದಿಗೆ ಕಾಣುತ್ತದೆ ಎಂದು ವಾದ ಮಾಡಿ ಸೀಟು ಬದಲಿಸುತ್ತಾರೆ. 1961ರ ಡಿಸೆಂಬರ್ ತನಕ ಈ ನಿಲ್ದಾಣ ಭಾರತದ ಕೊನೆಯ ನಿಲ್ದಾಣ. ಮುಂದಿನ ಕುಳೆ ಪೋರ್ಚುಗೀಸ್ ಆಡಳಿತದ ನೆಲ. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನ ತಿದ್ದಿ, ಗೋವಾ ವಸಾಹತಲ್ಲ, ಕಡಲಾಚೆಯ ತನ್ನ ಪ್ರಾಂತ್ಯ ಎಂದು ಘೋಷಿಸಿಕೊಂಡಿತು. ಆ ಲೆಕ್ಕದಲ್ಲಿ ಸೂಪಾ ತಾಲೂಕಿನ, ಅಂದರೆ ಇಂದಿನ ಜೋಯಿಡಾದ, ಮನುಷ್ಯ ಘಟ್ಟ ಇಳಿದರೆ ನೇರ ಪೋರ್ಚುಗಲ್‌ಗೆ ಕಾಲಿಟ್ಟಂತೆ!

ಈ ಹಳಿ ಹುಟ್ಟಿದ್ದೇ ಎರಡು ಸರಕಾರಗಳ ಕರಾರಿನಿಂದ. 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಮುರಗಾಂವ ಬಂದರಿನಿಂದ ಗಡಿಯ ತನಕ ಒಂದು ಕಂಪನಿ ಹಳಿ ಹಾಸಿತು, ಗಡಿಯಿಂದ ಈಚೆ ಸದರ್ನ್ ಮರಾಠಾ ರೈಲ್ವೆ. ಒಪ್ಪಂದ ಚಾಲ್ತಿಯಲ್ಲಿದ್ದಷ್ಟು ಕಾಲ ಜಕಾತಿಯ ಕಿರಿಕಿರಿ ಇರಲಿಲ್ಲ. 1892ರಲ್ಲಿ ಅದು ಮುರಿದುಬಿದ್ದ ಮೇಲೆ ಸುಂಕದ ಗೋಡೆ ಮತ್ತೆ ಎದ್ದಿತು. ಇಲ್ಲಿ ಕ್ಯಾಸಲ್‌ರಾಕ್‌ನಲ್ಲಿ ಒಂದು ತಪಾಸಣೆ, ಅಲ್ಲಿ ಕುಳೆಯಲ್ಲಿ ಇನ್ನೊಂದು. ಪೆಟ್ಟಿಗೆ ಇಳಿಸು, ಬಿಚ್ಚು, ತೋರಿಸು, ಕಟ್ಟು, ಹತ್ತು.

ವಿಚಿತ್ರವೆಂದರೆ ಇಷ್ಟೆಲ್ಲ ಇದ್ದೂ ಈ ಭಾಗದ ಆಡುಮಾತಿನಲ್ಲಿ ಗಡಿ ದಾಟುವ ಮಾತೇ ಕಡಿಮೆ. ಇದ್ದದ್ದು ‘ಘಟ್ಟ ಇಳಿಯೋದು’, ‘ಘಟ್ಟ ಹತ್ತೋದು’. ದೇಶ ಬದಲಾಗುವ ಜಾಗ ಜನರಿಗೆ ನಕಾಶೆಯ ಗೆರೆಯಾಗಿ ಕಂಡಿಲ್ಲ, ಮೊಣಕಾಲಿನ ನೋವಾಗಿ ಗೊತ್ತಿತ್ತು. ಗೆರೆಗಿಂತ ಇಳಿಜಾರು ದೊಡ್ಡದು.

ಜನರನ್ನು ತಪಾಸಿಸಿದ ನಾಕಾಗಳು ಶಬ್ದಗಳನ್ನು ತಡೆಯಲಿಲ್ಲ. ನಾವು ತಿಂಗಳ ಕೊನೆಗೆ ಎಣಿಸುವ ಪಗಾರ, ಬೀಗಕ್ಕೆ ಹಾಕುವ ಚಾವಿ, ಪಲ್ಯಕ್ಕೆ ಹೆಚ್ಚುವ ಬಟಾಟಿ, ಸಾಬೂನು, ಮೇಜು, ಅನಾನಸು, ಎಲ್ಲ ಪೋರ್ಚುಗೀಸರಿಂದ ಬಂದವು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಗಾರದ ದಿನ ಪೇಟೆ ತುಂಬುತ್ತಿದ್ದ ಕಾಲದಲ್ಲಿ ಯಾರಾದರೂ ಆ ಶಬ್ದಕ್ಕೆ ಸುಂಕ ಕೇಳಿದ್ದರೆ ಗಲಾಟೆಯಾಗುತ್ತಿತ್ತು.

ನನ್ನ ವಾದ ಇಷ್ಟು. ಕನ್ನಡ ಗಡಿ ದಾಟುವ ಕ್ರಿಯೆಗೆ ಹೆಸರಿಡಲಿಲ್ಲ. ದಾಟಿದವರು ಯಾರು ಎಂದು ನೋಡಿ ಹೆಸರಿಟ್ಟಿತು. ರಾಜ ದಾಟಿದರೆ ಸೀಮೋಲ್ಲಂಘನ. ವಿಜಯದಶಮಿಯ ದಿನ ಊರ ಗಡಿಯಾಚೆ ಹೋಗಿ ಬನ್ನಿ ಮುಡಿದು ಬರುವ ನಮ್ಮ ಆಚರಣೆ ಆ ದಂಡಯಾತ್ರೆಯ ನೆನಪೇ. ಅದೇ ರಾಜ ಸೋತು ಓಡಿದರೆ? ಆಗಲೂ ಭಾಷೆ ಅವನ ಮಾನ ಕಾಯುತ್ತದೆ.

ಸೋದೆಯ ಅರಸರನ್ನೇ ನೋಡಿ. 1763-64ರ ಸುಮಾರಿಗೆ ಹೈದರಾಲಿಯ ಸೈನ್ಯ ಸೋದೆಗೆ ನುಗ್ಗಿತು. ಅರಸ ಪರಿವಾರ ಸಮೇತ ಘಟ್ಟ ಇಳಿದು ಪೋರ್ಚುಗೀಸರ ಬಳಿ ಹೋದ. ಘಟ್ಟದ ಕೆಳಗಿದ್ದ ಅವನ ಸೀಮೆಗಳು, ಅಂದರೆ ಫೋಂಡಾ, ಕಾಣಕೋಣದಂಥ ಪ್ರದೇಶಗಳು ಪೋರ್ಚುಗೀಸರ ಕೈಸೇರಿದವು. ಅವರ ದಫ್ತರದಲ್ಲಿ ಅವು ‘ಹೊಸ ಗೆಲುವುಗಳು’. ಅರಸನ ವಂಶ ಫೋಂಡಾ ಸೀಮೆಯ ಬಾಂದೋಡೆಯಲ್ಲಿ ನೆಲೆನಿಂತು ಪೋರ್ಚುಗೀಸರ ಮಾಸಾಶನ ಪಡೆಯಿತು. ನಮ್ಮ ಚರಿತ್ರೆಯ ಪುಸ್ತಕಗಳು ಇದನ್ನು ‘ಆಶ್ರಯ ಪಡೆದನು’ ಎಂದು ಮರ್ಯಾದೆಯಿಂದ ಬರೆಯುತ್ತವೆ. ಗಮನಿಸಬೇಕಾದ ಮಾತೆಂದರೆ ಸೂಪಾದ ಪಶ್ಚಿಮಕ್ಕೆ ಪೋರ್ಚುಗಲ್ ಬಂದು ಕುಳಿತದ್ದೇ ಈ ಗದ್ದಲದ ನಂತರ. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಾದರೂ ಅವರ ಗಡಿ ಘಟ್ಟದ ಬುಡಕ್ಕೆ ಮುಟ್ಟಲು 2 ಶತಮಾನಕ್ಕೂ ಹೆಚ್ಚು ಹಿಡಿಯಿತು. ಒಬ್ಬ ರಾಜ ಗಡಿ ದಾಟಿದ, ಅವನ ಹಿಂದೆಯೇ ಗಡಿಯೂ ನಡೆದುಬಂತು.

ಅದೇ ಘಟ್ಟವನ್ನು ಎದುರು ದಿಕ್ಕಿನಿಂದ, ರಾತ್ರಿಯ ಹೊತ್ತು, ಬರಿಗಾಲಲ್ಲಿ ಹತ್ತಿದವರಿದ್ದಾರೆ. ಪೋರ್ಚುಗೀಸರು ಆಫ್ರಿಕದ ಪೂರ್ವ ತೀರದಿಂದ, ಹೆಚ್ಚಾಗಿ ಮೊಜಾಂಬಿಕ್ ಕಡೆಯಿಂದ, ಗೋವೆಗೆ ಗುಲಾಮರನ್ನು ತರುತ್ತಿದ್ದರು. ತಪ್ಪಿಸಿಕೊಂಡವರಿಗೆ ಇದ್ದದ್ದು ಒಂದೇ ದಿಕ್ಕು, ಮೂಡಣದ ಕಾಡು. ಅವರ ಮಕ್ಕಳುಮರಿಗಳೇ ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾದ ಸಿದ್ದಿಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಸಂತೆಯಲ್ಲಿ ಕನ್ನಡ, ಹಬ್ಬಕ್ಕೆ ದಮಾಮಿಯ ಬಡಿತ, ಚಳಿಗೆ ಹಳೆ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿ.

ಇವರ ದಾಟುವಿಕೆಗೆ ಪೋರ್ಚುಗೀಸ್ ಒಡೆಯನ ಲೆಕ್ಕದಲ್ಲಿ ಇದ್ದ ಪದ ‘ಪರಾರಿ’. ಕನ್ನಡ ಮಾತ್ರ ಅವರಿಗೆ ಓಡಿಬಂದವರು ಎಂಬ ಹೆಸರು ಇಡಲಿಲ್ಲ. ‘ಸಿದ್ದಿ’ ಎಂಬುದು ಒಡೆಯ, ಯಜಮಾನ ಎಂಬ ಅರ್ಥದ ಅರಬ್ಬಿ ‘ಸಯ್ಯಿದ್’ನ ಬಳಗದ ಮಾತು. ಗುಲಾಮನಾಗಿ ಬಂದವನಿಗೆ ಯಜಮಾನನ ಬಿರುದು. ಭಾಷೆಯ ಇಂಥ ತಮಾಷೆಗಳನ್ನು ಯಾರೂ ಕುಳಿತು ಯೋಜಿಸಿರುವುದಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಾರವಾರದ ಕೋಡಿಬಾಗದಲ್ಲಿ ಖಾಪ್ರಿ ಎಂಬ ದೈವವಿದೆ. ಮದ್ಯ, ಸಿಗರೇಟು ಹರಕೆ ಒಪ್ಪುವ ದೈವ. ಪೋರ್ಚುಗೀಸರು ಆಫ್ರಿಕನ್ನರನ್ನು ಕರೆಯುತ್ತಿದ್ದ ‘ಕಾಫ್ರಿ’ ಎಂಬ ಹೀನಾಯದ ಪದ ಇಲ್ಲಿ ಕೈಮುಗಿಯುವ ಹೆಸರಾಗಿದೆ.

2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದ ಮೊದಲ ಶಾಸಕ. ಆಗಲೂ ಕೆಲವು ವರದಿಗಳು ‘ಆಫ್ರಿಕಾ ಮೂಲದ’ ಎಂಬ ವಿಶೇಷಣ ಬಿಡಲಿಲ್ಲ. ಸೋದೆಯ ಅರಸನ ವಂಶಸ್ಥರನ್ನು ಯಾರೂ ‘ಪೋರ್ಚುಗೀಸ್ ಆಶ್ರಿತ’ ಎಂದು ಬರೆಯುವುದಿಲ್ಲವಲ್ಲ ಎಂದು ನನಗೆ ಅನಿಸಿತ್ತು.

ಈಗ ‘ವಲಸೆ’ಗೆ ಬರೋಣ. ಇವತ್ತು ಇದು ಬಹಳ ತೆಳುವಾದ ಪದ. ಅತ್ತಿವೇರಿ ಕೆರೆಗೆ ಬರುವ ಹಕ್ಕಿಯೂ ವಲಸೆ, ಕಬ್ಬು ಕಡಿಯಲು ಹಳಿಯಾಳಕ್ಕೆ ಬರುವ ಗುಂಪೂ ವಲಸೆ, ಟಿಕೆಟ್ ಸಿಗದೆ ಪಕ್ಷ ಬಿಡುವ ಪುಢಾರಿಯೂ ವಲಸೆ. ಹಳೆಯ ನಿಘಂಟು ತೆರೆದರೆ ಈ ಪದ ಹೀಗಿರಲಿಲ್ಲ ಎಂದು ತಿಳಿಯುತ್ತದೆ. ವಲಸೆ, ಒಲಸೆ: ಶತ್ರುಸೈನ್ಯದ ಭಯದಿಂದ ಜನ ಮನೆಮಠ ಬಿಟ್ಟು ಓಡಿಹೋಗುವುದು. ತಮಿಳಿನ ವಲಸೈ, ತೆಲುಗಿನ ವಲಸ ಕೂಡ ಇದೇ ಅರ್ಥದವು. ಅಂದರೆ ಇಂದು ಜಗತ್ತಿನ ಪತ್ರಿಕೆಗಳು ಯಾರಿಗೆ ‘ರೆಫ್ಯುಜಿ’ ಎನ್ನುತ್ತವೋ ಅವರ ಓಟಕ್ಕೆ ದ್ರಾವಿಡ ಭಾಷೆಗಳಲ್ಲಿ ಶತಮಾನಗಳ ಹಿಂದೆಯೇ ಒಂದು ಪದ ಸಿದ್ಧವಿತ್ತು. ಹಿಂದೆ ದಂಡು, ಮುಂದೆ ಕಾಡು, ತಲೆಯ ಮೇಲೆ ಗಂಟು, ಇಷ್ಟೂ ಆ ಮೂರಕ್ಷರದಲ್ಲಿತ್ತು. ನಾವು ಅದನ್ನು ಹಕ್ಕಿಗೂ ಪುಢಾರಿಗೂ ಹಂಚಿಬಿಟ್ಟೆವು. ನಿಜವಾದ ವಲಸಿಗ ಬಂದು ಬಾಗಿಲಲ್ಲಿ ನಿಂತಾಗ ಪೆಟ್ಟಿಗೆಯಲ್ಲಿ ಪದವಿರಲಿಲ್ಲ. ಆಗ ಕಚೇರಿಯಿಂದ ‘ನಿರಾಶ್ರಿತ’ವನ್ನು ತರಿಸಿಕೊಂಡೆವು.

ಹಳೆಯ ಅರ್ಥದ ವಲಸೆಯನ್ನು ಕಣ್ಣಾರೆ ಕಾಣಬೇಕಾದರೆ ಉಳವಿಗೆ ಹೋಗಬೇಕು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾಗಿ, ಬಿಜ್ಜಳನ ಕೊಲೆಯಾಗಿ, ಶರಣರ ಬೆನ್ನಿಗೆ ಕಲಚುರಿ ಸೈನ್ಯ ಬಿತ್ತು. ಚನ್ನಬಸವಣ್ಣ, ಅಕ್ಕನಾಗಮ್ಮ ಮುಂತಾದವರು ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ ನಡೆದು ಈ ದಟ್ಟ ಕಾಡು ಸೇರಿದರೆಂಬುದು ಪರಂಪರೆ. ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ಹರಳಯ್ಯನ ಚಿಲುಮೆ, ಒಂದೊಂದೂ ಅಡಗಿ ಕುಳಿತ ಜನರ ಗುರುತು. ಗವಿಯ ಬಾಯಿಗೆ ಬಗ್ಗಿ ಒಳಗೆ ಹೋದರೆ ಐದೇ ಹೆಜ್ಜೆಗೆ ಕತ್ತಲು. ಭಕ್ತಿಗಾಗಿ ಆರಿಸಿದ ಜಾಗ ಇದಲ್ಲ, ಜೀವ ಉಳಿಸಿಕೊಳ್ಳಲು ಆರಿಸಿದ್ದು. ಉಳಿದ ಜಾಗವಾದ್ದರಿಂದ ಉಳವಿ ಎಂದು ಜನ ಹೇಳುತ್ತಾರೆ. ಪಂಡಿತರು ಒಪ್ಪಲಿ ಬಿಡಲಿ, ಆ ಗವಿಯಲ್ಲಿ ನಿಂತಾಗ ಬೇರೆ ವ್ಯುತ್ಪತ್ತಿ ನನಗೂ ಬೇಕೆನಿಸಲಿಲ್ಲ.

ಇಲ್ಲಿ ಇನ್ನೊಂದು ಮಾತು. ಆಗ ಈ ಸೀಮೆ ಗೋವೆಯ ಕದಂಬರದು. ಅವರ ನೆನಪು ಇವತ್ತು ಗೋವಾ ಸರಕಾರಿ ಬಸ್ಸುಗಳ ಮೇಲೆ ‘ಕದಂಬ’ ಎಂದು ಓಡಾಡುತ್ತಿದೆ. ಹಾಗಾಗಿ ಶರಣರು ಬರೀ ಊರು ಬಿಟ್ಟು ಊರಿಗೆ ಬಂದವರಲ್ಲ. ಒಬ್ಬ ದೊರೆಯ ನಾಡಿನಿಂದ ಇನ್ನೊಬ್ಬ ದೊರೆಯ ನಾಡಿಗೆ, ಕೊಲ್ಲಲು ಬಂದ ದಂಡನ್ನು ಬೆನ್ನಿಗಿಟ್ಟುಕೊಂಡು ದಾಟಿದವರು. ಇಂದಿನ ಯಾವ ಅಂತಾರಾಷ್ಟ್ರೀಯ ಕಚೇರಿಯ ಫಾರಂ ತುಂಬಿಸಿದರೂ ಚನ್ನಬಸವಣ್ಣನ ಅರ್ಜಿ ಸ್ವೀಕಾರವಾಗುತ್ತಿತ್ತು. ಆದರೆ ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರಲ್ಲಿ ಒಬ್ಬರೂ ಅವರನ್ನು ನಿರಾಶ್ರಿತ ಎನ್ನುವುದಿಲ್ಲ.

ಏನನ್ನುತ್ತಾರೆ? ಶರಣ ಎನ್ನುತ್ತಾರೆ. ಪರಸ್ಪರ ಕಂಡಾಗ ‘ಶರಣು ಶರಣಾರ್ಥಿ’ ಎನ್ನುತ್ತಾರೆ. ಅದು ನಮಸ್ಕಾರ. ಅದೇ ಪದವನ್ನು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ದಿಲ್ಲಿಗೆ ಒಯ್ದು ನೋಡಿ. ಅಲ್ಲಿ ‘ಶರಣಾರ್ಥಿ’ ಎಂದರೆ 1947ರಲ್ಲಿ ಪಂಜಾಬಿನ ಆ ಭಾಗದಿಂದ ಎಲ್ಲ ಕಳಕೊಂಡು ಬಂದವನು. ಕನ್ನಡದಲ್ಲಿ ಕೈಮುಗಿಯುವ ಮಾತು ಹಿಂದಿಯಲ್ಲಿ ಕೈಚಾಚಿ ನಿಂತವನ ಹೆಸರು. ನನ್ನ ಪರಿಚಯದವರೊಬ್ಬರು ಉತ್ತರ ಭಾರತದ ಸಭೆಯೊಂದರಲ್ಲಿ ಎದ್ದು ನಿಂತು ಎಲ್ಲರಿಗೂ ‘ಶರಣು ಶರಣಾರ್ಥಿಗಳು’ ಎಂದು ಮಾತು ಶುರು ಮಾಡಿ, ಮುಂದಿನ ಸಾಲಿನವರ ಮುಖ ಕಂಡು ಗಾಬರಿಯಾಗಿದ್ದರಂತೆ.

ಈ ಎರಡೂ ಅರ್ಥ ಒಟ್ಟಿಗೇ ಕೂಡಿರುವ ಜಾಗ ಮುಂಡಗೋಡದ ಟಿಬೆಟಿಯನ್ ಕ್ಯಾಂಪು. ಟಿಬೆಟಿಯನ್ ಭಾಷೆಯಲ್ಲಿ ನಿರಾಶ್ರಿತನಿಗೆ ‘ಕ್ಯಾಬ್‌ಚೋಲ್‌ವಾ’ ಎನ್ನುತ್ತಾರೆ. ಕ್ಯಾಬ್ ಎಂದರೆ ಶರಣು, ರಕ್ಷೆ. ಬುದ್ಧನಿಗೆ ಶರಣು ಹೋಗುವೆ ಎಂದು ಅವರು ದಿನಾ ಬೆಳಗ್ಗೆ ಹೇಳುವಾಗ ಬರುವುದೂ ಇದೇ ಕ್ಯಾಬ್. ಪೂರ್ತಿ ಪದಕ್ಕೆ ‘ರಕ್ಷೆ ಬೇಡಿದವನು, ತನ್ನನ್ನು ಒಪ್ಪಿಸಿಕೊಂಡವನು’ ಎಂದು ಅರ್ಥ ಮಾಡಬಹುದು. ಅವರಲ್ಲಿ ಇನ್ನೊಂದು ಪದವಿದೆ, ‘ಚೆನ್‌ಜೋಲ್’. ಬಲಾತ್ಕಾರಕ್ಕೆ ಸಿಕ್ಕದೆ ತಪ್ಪಿಸಿಕೊಂಡು ಬಂದದ್ದು ಎಂಬ ಛಾಯೆ ಅದರದು. ಎರಡರ ನಡುವೆ ದೊಡ್ಡ ಅಂತರವಿದೆ. ಒಂದು ಬಂದ ಮನೆಯತ್ತ ನೋಡುತ್ತದೆ, ಇನ್ನೊಂದು ಬಿಟ್ಟ ಮನೆಯತ್ತ. ನಮ್ಮ ‘ನಿರಾಶ್ರಿತ’ ಎರಡೂ ಕಡೆ ನೋಡುವುದಿಲ್ಲ. ಆಶ್ರಯವಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬೆಂಗಳೂರಿನಲ್ಲಿ ಭಿಕ್ಷುಕರನ್ನು ಇರಿಸುವ ಜಾಗಕ್ಕೂ ನಿರಾಶ್ರಿತರ ಪರಿಹಾರ ಕೇಂದ್ರವೆಂದೇ ಹೆಸರು. ಆಶ್ರಯ ಸಿಕ್ಕು 60 ವರ್ಷವಾದವರನ್ನು ‘ನಿರಾಶ್ರಿತ’ ಎನ್ನುತ್ತ ಹೋಗುವುದು ಪದದ ಲೆಕ್ಕದಲ್ಲೇ ತಪ್ಪು.

1959ರ ಮಾರ್ಚ್ 31ರಂದು ದಲೈಲಾಮಾ ತವಾಂಗ್ ಕಡೆಯಿಂದ ಭಾರತದೊಳಗೆ ಕಾಲಿಟ್ಟರು. ಹಿಂದೆಯೇ ಸಾವಿರಾರು ಜನ. ನೆಹರೂ ರಾಜ್ಯಗಳಿಗೆ ಜಮೀನು ಕೊಡಿ ಎಂದು ಪತ್ರ ಬರೆದಾಗ ಮುಂದೆ ಬಂದವುಗಳಲ್ಲಿ ಮೈಸೂರು ರಾಜ್ಯ ಮುಖ್ಯವಾದದ್ದು. ಬೈಲಕುಪ್ಪೆಯ ಮೊದಲ ವಸಾಹತು 1960ರದು, ಮುಂಡಗೋಡದ ದೋಗುಲಿಂಗ್ 1966ರದು. ಮಠದ ಭಿಕ್ಷುಗಳ ದಾರಿ ಇನ್ನೂ ಸುತ್ತಿನದು. ಅವರನ್ನು ಮೊದಲು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇರಿಸಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಕೋಟೆ ಅದು. ಕ್ಷಯರೋಗ ಹಲವರನ್ನು ನುಂಗಿತು. ಸುಮಾರು 10 ವರ್ಷ ಅಲ್ಲಿ ಕಳೆದ ಮೇಲೆ ಸೆರಾ ಮಠದವರು ಬೈಲಕುಪ್ಪೆಗೂ, ಗಾಂದೆನ್ ಮತ್ತು ಡ್ರೆಪುಂಗ್ ಮಠಗಳವರು ಮುಂಡಗೋಡಕ್ಕೂ ಬಂದರು.

ಡ್ರೆಪುಂಗ್ ಹೆಸರಿನ ಕತೆ ಹೇಳದೆ ಮುಂದೆ ಹೋಗಲಾರೆ. ಟಿಬೆಟಿಯನ್ನಿನಲ್ಲಿ ಅದರರ್ಥ ಅಕ್ಕಿಯ ರಾಶಿ. ಲ್ಹಾಸಾದ ಬಾರ್ಲಿ ನಾಡಿನಲ್ಲಿ, 1416ರಲ್ಲಿ ಕಟ್ಟಿದ ಮಠಕ್ಕೆ ಅಕ್ಕಿಯ ಹೆಸರು ಎಲ್ಲಿಂದ ಬಂತು? ಆಂಧ್ರದ ಅಮರಾವತಿಯ ಹಳೆಯ ಹೆಸರಾದ ಧಾನ್ಯಕಟಕದ ಅನುವಾದ ಅದು. ಕೃಷ್ಣಾ ದಂಡೆಯ ಹೆಸರೊಂದು ಹಿಮಾಲಯ ಹತ್ತಿ, ಐದು ನೂರು ಚಿಲ್ಲರೆ ವರ್ಷ ಅಲ್ಲಿದ್ದು, ಮತ್ತೆ ದಕ್ಷಿಣಕ್ಕೆ ಇಳಿದು ಮುಂಡಗೋಡದ ಭತ್ತದ ಗದ್ದೆಗಳ ನಡುವೆ ಬಂದು ಕುಳಿತಿದೆ. ಆ ಹೆಸರಿಗೆ ಯಾರಾದರೂ ಪರದೇಶಿ ಎಂದಾರೆಯೇ?

ಆ ಮಠದ ಮನುಷ್ಯರಿಗೆ ಮಾತ್ರ ಎನ್ನುತ್ತಾರೆ. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೂ 1967ರ ಅದರ ಪ್ರೋಟೋಕಾಲಿಗೂ ಸಹಿ ಹಾಕಿಲ್ಲ. ಆದ್ದರಿಂದ ನಮ್ಮ ಕಾನೂನಿನಲ್ಲಿ ‘ನಿರಾಶ್ರಿತ’ ಎಂಬ ಜಾತಿಯೇ ಇಲ್ಲ, ಇರುವುದು ‘ವಿದೇಶಿಯ’ ಒಂದೇ. ಸಭೆಯಲ್ಲಿ ಮಂತ್ರಿಗಳು ನಿರಾಶ್ರಿತ ಬಂಧುಗಳೇ ಎನ್ನಬಹುದು, ಕಡತದಲ್ಲಿ ಅವರು ವಿದೇಶಿ. ಕೈಯಲ್ಲಿರುವ ಕಾಗದ ‘ಆರ್‌ಸಿ’, ನೋಂದಣಿ ಪತ್ರ. ನಮಗೆ ಆರ್‌ಸಿ ಎಂದರೆ ಬೈಕಿನ ಕಾಗದ. ಕ್ಯಾಂಪಿನಲ್ಲಿ ಆರ್‌ಸಿ ಇರುವುದು ಮನುಷ್ಯನಿಗೆ. ಗಾಡಿಯದರಂತೆಯೇ ಅದನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ನೀಲಿ ಪಾಸ್‌ಪೋರ್ಟ್ ಇಲ್ಲ, ಹಳದಿ ಹೊದಿಕೆಯ ಗುರುತಿನ ಪುಸ್ತಕ. ಅವರನ್ನು ನೋಡಲು ಬರುವ ಹೊರದೇಶದವರಿಗೂ ಮುಂಡಗೋಡ ಕ್ಯಾಂಪಿಗೆ ವಿಶೇಷ ಪರವಾನಗಿ ಬೇಕು.

ಇದರ ನಡುವೆ ಒಂದು ತಿರುವು ಬಂತು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾರೆಂಬುದು ಆ ಅವಧಿಗೆ ಮುಖ್ಯವಲ್ಲ. ಡ್ರೆಪುಂಗ್‌ನ ಲಿಂಗ್ ರಿನ್‌ಪೋಚೆ ಹುಟ್ಟಿದ್ದು 1985ರಲ್ಲಿ, ಭಾರತದಲ್ಲಿ. ಪಾಸ್‌ಪೋರ್ಟಿಗಾಗಿ ಅವರು ಕರ್ನಾಟಕ ಹೈಕೋರ್ಟಿಗೆ ಹೋದರು, 2013ರಲ್ಲಿ ಅವರ ಪರ ತೀರ್ಪಾಯಿತು. ಅಂದರೆ ಅಷ್ಟು ದಿನ ವಿದೇಶಿ ಎಂಬ ಕಾಗದ ಹಿಡಿದು ಓಡಾಡಿದ ಮನುಷ್ಯ ತೊಟ್ಟಿಲಲ್ಲೇ ಭಾರತೀಯನಾಗಿದ್ದ! ಅಪ್ಪ ಅಮ್ಮ ಟಿಬೆಟಿನಲ್ಲಿ ಹುಟ್ಟಿದವರಾದರೆ, ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪ್ರಜೆ, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಇಬ್ಬರೂ ಉಂಡದ್ದು ಅದೇ ಗದ್ದೆಯ ಅಕ್ಕಿ. ಹೀಗಿದ್ದೂ ಎಲ್ಲರೂ ಪೌರತ್ವಕ್ಕೆ ಮುಗಿಬೀಳಲಿಲ್ಲ. ಆರ್‌ಸಿ ಬಿಟ್ಟರೆ ಊರಿಗೆ ಮರಳುವ ಹಕ್ಕನ್ನೇ ಬಿಟ್ಟಂತೆ ಎಂದು ನಂಬುವ ಹಿರಿಯರಿದ್ದಾರೆ. ಅವರ ಪಾಲಿಗೆ ಆ ಕಾಗದ ಅವಮಾನವಲ್ಲ, ಮನೆಯ ಬೀಗದ ಚಾವಿ.

ಇನ್ನು ಯಾವ ಗಡಿಯನ್ನೂ ದಾಟದೆ ನಿರಾಶ್ರಿತರಾದವರ ಮಾತು. ಕಾಳಿ ಮತ್ತು ಪಾಂಡರಿ ಸೇರುವಲ್ಲಿ ಸೂಪಾ ಎಂಬ ಪೇಟೆಯಿತ್ತು. ತಾಲೂಕಿನ ಕಚೇರಿ ಅಲ್ಲೇ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಪೇಟೆ ಮುಳುಗಿತು. ಕಚೇರಿ ಜೋಯಿಡಾಕ್ಕೆ ಹೋಯಿತು, ಜನರಲ್ಲಿ ಬಹಳಷ್ಟು ಮಂದಿ ರಾಮನಗರಕ್ಕೆ. ಅವರಿಗೂ ಸರಕಾರ ಹುಡುಕಿ ಕೊಟ್ಟ ಪದಗಳು ಅವೇ: ನಿರ್ವಸಿತ, ಸಂತ್ರಸ್ತ, ನಿರಾಶ್ರಿತ. ಟಿಬೆಟಿನವರು ಊರು ಬಿಟ್ಟರು, ಊರು ಅಲ್ಲೇ ಇದೆ. ಸೂಪಾದವರು ಮೂವತ್ತು ನಲವತ್ತು ಕಿಲೋಮೀಟರು ಸರಿದರು, ಊರೇ ಇಲ್ಲ. 2011ರ ಜನಗಣತಿಯ ಪಟ್ಟಿಯಲ್ಲಿ ಮಾತ್ರ ಈ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ನೀರಿನಡಿಯ ಊರಿನ ಹೆಸರಲ್ಲಿ ದಂಡೆಯ ಮೇಲಿನವರ ತಲೆ ಎಣಿಸಿದ್ದಾರೆ.

ರಾಮನಗರ ಇರುವುದು ಬೆಳಗಾವಿ–ಗೋವಾ ಹೆದ್ದಾರಿಯ ಮೇಲೆ. ಅಲ್ಲಿಂದ ಮುಂದೆ ಅನಮೋಡ, ಅನಮೋಡದಿಂದ ಘಟ್ಟ ಇಳಿದರೆ ಮೊಲೆಂ. 1955ರಲ್ಲಿ ಈ ಗಡಿ ಕುದಿಯುತ್ತಿತ್ತು. ಭಾರತದ ಮೂಲೆಮೂಲೆಯಿಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾದೊಳಗೆ ನಡೆದರು. ನರಗುಂದದ ಜಗನ್ನಾಥರಾವ ಜೋಶಿಯವರಂಥವರು ಸೆರೆ ಅನುಭವಿಸಿದರು. ಆಗಸ್ಟ್ 15ರಂದು ಗಡಿಗಳಲ್ಲಿ ಪೋರ್ಚುಗೀಸರ ಗುಂಡಿಗೆ 20ಕ್ಕೂ ಹೆಚ್ಚು ಜನ ಸತ್ತರು. ರೈಲು ನಿಂತಿತು, ಗಡಿ ಮುಚ್ಚಿತು. ಆ ಜನ ಗಡಿ ‘ದಾಟಿದರು’ ಎನ್ನಲು ಅವರೇ ಒಪ್ಪುತ್ತಿರಲಿಲ್ಲ, ಏಕೆಂದರೆ ಅಲ್ಲೊಂದು ಗಡಿಯಿದೆ ಎಂಬುದನ್ನೇ ಅವರು ಒಪ್ಪಿರಲಿಲ್ಲ. 1961ರ ಡಿಸೆಂಬರ್ 19ಕ್ಕೆ ಆ ಗೆರೆ ಅಳಿಸಿತು. ನಮಗೆ ಅದು ವಿಮೋಚನೆ, ಲಿಸ್ಬನ್ನಿಗೆ ಆಕ್ರಮಣ.

ಗೆರೆ ಅಳಿಸಿದರೂ ಪದ ಅಳಿಸಲಿಲ್ಲ. ಇವತ್ತು ವಿಜಯಪುರ, ಬಾಗಲಕೋಟೆ, ಗದಗಿನಿಂದ ದುಡಿಯಲು ಗೋವಾಕ್ಕೆ ಹೋಗುವ ನಮ್ಮವರಿಗೆ ಅಲ್ಲಿ ‘ಘಾಂಟಿ’ ಎಂಬ ಹೆಸರಿದೆ. ಘಟ್ಟದ ಮೇಲಿನವನು ಎಂದಷ್ಟೇ ಮೂಲಾರ್ಥ. ಹೇಳುವ ದನಿಯಲ್ಲಿ ಮಾತ್ರ ಉಳಿದದ್ದೆಲ್ಲ ಇರುತ್ತದೆ. 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಮನೆಗಳಿಗೆ ಬುಲ್ಡೋಜರು ಬಂದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ. ನಾವು ಮುಂಡಗೋಡದ ಅಜ್ಜಿಗೆ ವಿದೇಶಿ ಎನ್ನುವಾಗ, ನಮ್ಮ ಅಜ್ಜಿಗೆ ಮಡಗಾಂವಿನ ಮೀನುಪೇಟೆಯಲ್ಲಿ ಏನೆನ್ನುತ್ತಾರೆಂದು ಕೇಳಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಕಡೆ, 1961ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವ ಪಡೆದು ಯುರೋಪಿಗೆ ಹಾರುತ್ತಾರೆ. ಅಳಿಸಿಹೋದ ಗಡಿಯೇ ಅವರಿಗೆ ಟಿಕೆಟು.

ಜೋಯಿಡಾದ ಕುಣಬಿಗಳ ಪಾಲಿಗೆ ಅದೇ ಗಡಿ ಗೋಡೆ. ಗೆಡ್ಡೆಗೆಣಸಿನ ನೂರೆಂಟು ಬಗೆ ಬಲ್ಲ ಈ ಜನರ ನಂಟರು ಘಟ್ಟದ ಕೆಳಗೂ ಇದ್ದಾರೆ. ಮಾತು ಒಂದೇ, ದೇವರು ಒಂದೇ, ಕೊಡುಕೊಳ್ಳುವಿಕೆ ಹಳೆಯದು. 2003ರಲ್ಲಿ ಗೋವಾದ ಕುಣಬಿ, ಗಾವಡಾ, ವೇಳಿಪರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅದೇ ವರ್ಷ ಉತ್ತರ ಕನ್ನಡದ ಸಿದ್ದಿಗಳೂ ಆ ಪಟ್ಟಿ ಸೇರಿದರು. ಜೋಯಿಡಾದ ಕುಣಬಿಗಳು ಮಾತ್ರ ವರ್ಷಗಳಿಂದ ಮನವಿ ಹಿಡಿದು ನಿಂತಿದ್ದಾರೆ. ಅಣ್ಣ ಮೊಲೆಂನಲ್ಲಿ ಪಂಗಡದವನು, ತಮ್ಮ ಅನಮೋಡದಲ್ಲಿ ಅಲ್ಲ. ಸಮುದ್ರ ದಾಟಿ ಬಂದವರಿಗೆ ಸಿಕ್ಕ ಮಾನ್ಯತೆ ಘಟ್ಟ ಬಿಟ್ಟು ಕದಲದವರಿಗೆ ಸಿಕ್ಕಿಲ್ಲ. ಸಿದ್ದಿಗಳಿಗೆ ಸಿಕ್ಕದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಕುಣಬಿಗಳಿಗೆ ಸಿಗದಿರುವುದು ತಪ್ಪು.

ಅನಮೋಡ ನಾಕಾದಲ್ಲಿ ಈಗಲೂ ವಾಹನ ನಿಲ್ಲಿಸುತ್ತಾರೆ. ಡಿಕ್ಕಿ ತೆರೆಸುತ್ತಾರೆ, ಸೀಟಿನಡಿ ಕೈಯಾಡಿಸುತ್ತಾರೆ. ನೀವು ಯಾವ ದೇಶದವರೆಂದು ಯಾರೂ ಕೇಳುವುದಿಲ್ಲ. ಹುಡುಕುವುದು ಗೋವಾ ಬಾಟಲಿ. ಪೋರ್ಚುಗಲ್ ಹೋಗಿ 60 ವರ್ಷ ದಾಟಿದರೂ ಈ ಗಡಿಗೆ ಅಬಕಾರಿ ಇಲಾಖೆಯಾದರೂ ನಿಷ್ಠೆಯಿಂದ ಉಳಿದಿದೆ.

ಕೊನೆಗೆ ಸುದ್ದಿಮನೆಯ ಗೆಳೆಯರಲ್ಲಿ ಒಂದು ವಿನಂತಿ. ಈಚೆಗೆ ತಲೆಬರಹಗಳಲ್ಲಿ ‘ಅಕ್ರಮ ವಲಸಿಗ’ ಎಂಬ ಜೋಡಿಪದ ದಿನಕ್ಕೊಮ್ಮೆಯಾದರೂ ಕಾಣುತ್ತದೆ. ಗಡಿ ಕಾಯುವುದು, ಕಾಗದ ನೋಡುವುದು ಸರಕಾರದ ಕೆಲಸ, ಅದನ್ನು ಅದು ಮಾಡಲಿ. ಪದ ನೋಡುವುದು ನಮ್ಮ ಕೆಲಸ. ಆ ಎರಡನ್ನು ಜೋಡಿಸುವ ಮುಂಚೆ ಒಮ್ಮೆ ಎದ್ದು ಹೋಗಿ ಕಪಾಟಿನ ಹಳೆಯ ನಿಘಂಟು ತೆಗೆಯಿರಿ. ‘ವ’ ಅಕ್ಷರದಲ್ಲಿದೆ.